ಪಟ್ಟಿ ತೋರಿಸಲಿಲ್ಲ ಎಂದ ಜಂಬಕ್ಕ

ಕೂಡ್ಲಿಗಿ ಹತ್ತಿರದ ನಮ್ಮೂರಿಗೆ ಜಂಬಕ್ಕ ಐದು ವರ್ಷ ಪಂಚಾಯ್ತಿ ಅಧ್ಯಕ್ಷೆಯಾಗಿದ್ದಳು. ಅದಕ್ಕೂ ಮೊದಲು ಕುರಿಮಂದೆಯ ಹಿಂದೆ ತಿರುಗಿದವಳು. ತೊಂಬತ್ನಾಲ್ಕರಲ್ಲಿ ಮಹಿಳಾ ಮೀಸಲಾತಿಯಲ್ಲಿ ಗೆದ್ದು, ಗಂಡನನ್ನು ಕುರ್ಚಿಯ ಹತ್ತಿರವೂ ಬಿಡದೆ ತಾನೇ ಕೂತಳು. ಮೂರು ಕೇರಿಗಳಿಗೆ ನಲ್ಲಿ ಬಂದದ್ದು ಅವಳ ಕಾಲದಲ್ಲೇ.

ನೀರಿನ ಕಂದಾಯವನ್ನು ಮಾತ್ರ ಅವಳು ವಸೂಲಿ ಮಾಡಿಸಲಿಲ್ಲ. ಬಿಲ್ ಕಲೆಕ್ಟರ್ ಬೊಮ್ಮಯ್ಯ ವರ್ಷವರ್ಷವೂ ಬಾಕಿದಾರರ ಪಟ್ಟಿ ಹಿಡಿದು ಅವಳ ಮನೆಗೆ ಬರುತ್ತಿದ್ದ. "ಈಗ ಬ್ಯಾಡ ಬೊಮ್ಮಣ್ಣ, ಚುನಾವಣಿ ಮುಗೀಲಿ" ಎನ್ನುತ್ತಿದ್ದಳು. ಮೊದಲ ಪುಟದಲ್ಲೇ ಅವಳ ಮನೆಯ ಹೆಸರೂ ಇತ್ತು.

ಅವಳು ಇಳಿದ ಮರುವರ್ಷ, ಪಂಚಾಯ್ತಿಯಲ್ಲಿ ದುಡ್ಡಿಲ್ಲದೆ ಕರೆಂಟ್ ಬಿಲ್ ಕಟ್ಟದ್ದಕ್ಕೆ ಬೋರ್‌ವೆಲ್ಲಿನ ಸಂಪರ್ಕ ಕಡಿದರು. ಹೆಂಗಸರು ಕೊಡ ಹೊತ್ತು ಹೊಲದ ಬಾವಿಗಳಿಗೆ ನಡೆದರು. ಹೊಸ ಅಧ್ಯಕ್ಷ ಹೊನ್ನೂರಸ್ವಾಮಿ ಗ್ರಾಮಸಭೆ ಕರೆದ.

"ಪಂಚಾಯ್ತಿಗೆ ಬರೋ ರೊಕ್ಕಕ್ಕಿಂತ ಹೋಗೋದ ಜಾಸ್ತಿ ಆಗೈತಿ. ಹಿಂದಿನ ಅಧ್ಯಕ್ಷರು ಏನ್ ಹೇಳ್ತೀರಿ?"

ಜಂಬಕ್ಕ ಎದ್ದು ನಿಂತು ತಾನು ಮಾಡಿಸಿದ ನಲ್ಲಿ, ಚರಂಡಿ, ಬೀದಿದೀಪಗಳ ಲೆಕ್ಕ ಹೇಳಿದಳು. ಸರ್ಕಾರದ ಅನುದಾನ ತಡವಾಯಿತು ಎಂದಳು, ಅದು ನಿಜ. ತಾನು ಬರುವಾಗಲೇ ಬಾಕಿಯಿತ್ತು ಎಂದಳು; ಅದೂ ನಿಜವೇ.

ಹಿಂದೆ ಕೂತಿದ್ದ ಮುದುಕಿ ಓಬಮ್ಮ, "ಅದೆಲ್ಲ ಸರಿ ಬಿಡವ್ವ. ಕಂದಾಯ ಯಾಕ ಎತ್ಲಿಲ್ಲ, ಅದನ್ನ ಹೇಳು" ಎಂದಳು.

ಜಂಬಕ್ಕ ಬೊಮ್ಮಯ್ಯನ ಕಡೆ ಕೈ ತೋರಿಸಿದಳು. "ಬೊಮ್ಮಯ್ಯ ನಂಗ ಪಟ್ಟೀನ ತೋರಿಸ್ಲಿಲ್ಲ. ಯಾರ್ದು ಎಷ್ಟು ಬಾಕಿ ಅಂತ ನಂಗೆಂಗ ಗೊತ್ತಾಗ್ಬೇಕು?" ಎಂದುಬಿಟ್ಟಳು.

ಬೊಮ್ಮಯ್ಯ ಒಂದು ಗಳಿಗೆ ಅವಳನ್ನೇ ನೋಡಿದ. "ಇರಬೌದ್ರಿ. ನಂದ ತಪ್ಪಿರಬೌದು" ಎಂದು ತಲೆ ತಗ್ಗಿಸಿದ. ಅಂದೇ ಅವನನ್ನು ಕೆಲಸದಿಂದ ನಿಲ್ಲಿಸಿದರು.

ಜಂಬಕ್ಕ ಮನೆಗೆ ಬಂದಾಗ ಮಗಳು ಗೀತಮ್ಮ ಕೇಳಿದಳು: "ಪಟ್ಟಿ ತಂದಾಗೆಲ್ಲ ಆತಗ ಚಾ ಕೊಟ್ಟಾಕಿ ನಾನ ಅಲ್ಲೇನಬೆ?"

ಜಂಬಕ್ಕ ನಾಲ್ಕು ದಿನ ಹೊಸ್ತಿಲು ದಾಟಲಿಲ್ಲ. ಐದನೆಯ ದಿನ ಬೊಮ್ಮಯ್ಯ ಹೆಗಲಿಗೆ ಟವೆಲ್ಲು ಹಾಕಿಕೊಂಡು ಕೂಡ್ಲಿಗಿ ಬಸ್ಸು ಹತ್ತುವುದು ಕಿಟಕಿಯಿಂದ ಕಂಡಿತು. "ಹಮಾಲಿಗೆ ಹೊಂಟಾನಂತ" ಎಂದಳು ಗೀತಮ್ಮ. ಐವತ್ತು ದಾಟಿದ ಮನುಷ್ಯ. ಇಷ್ಟು ವರ್ಷ ಪೆನ್ನಿಗಿಂತ ಭಾರದ್ದು ಎತ್ತಿದವನಲ್ಲ.

ಜಂಬಕ್ಕ ಸೀದಾ ಪಂಚಾಯ್ತಿ ಕಚೇರಿಗೆ ಹೋದಳು. "ನಾನು ಸುಳ್ಳು ಹೇಳೀನ್ರಿ. ಆತ ಪಟ್ಟಿ ತರ್ತಿದ್ದ. ಓಟು ಹೋಗ್ತಾವಂತ ನಾನ ಬ್ಯಾಡಂದೆ. ನಮ್ಮನಿದೂ ಬಾಕಿ ಐತಿ, ಬರಕೊಳ್ರಿ."

"ಇದನ್ನ ಸಭಿಯಾಗ ಹೇಳ್ಬೇಕಿತ್ತು" ಎಂದ ಹೊನ್ನೂರಸ್ವಾಮಿ.

"ಕರೀರಿ, ಹೇಳ್ತೀನಿ."

ಮತ್ತೆ ಸಭೆ ಸೇರಿದಾಗ ಹೇಳಿದಳೂ. ಕೆಲವರು ನಕ್ಕರು, ಬಹಳ ಮಂದಿ ನೆಲ ನೋಡಿದರು, ಪಟ್ಟಿಯಲ್ಲಿ ಅವರ ಹೆಸರುಗಳೂ ಇದ್ದವು. ಬೊಮ್ಮಯ್ಯನನ್ನು ಮರಳಿ ತೆಗೆದುಕೊಂಡರು. ತಿಂಗಳೊಪ್ಪತ್ತಿನಲ್ಲಿ ಜನ ಕಂದಾಯ ಕಟ್ಟಿದರು, ನಲ್ಲಿಗೆ ನೀರೂ ಬಂತು.

ತಪ್ಪಾಯ್ತೆಂದು ಹೇಳಲು ಜಂಬಕ್ಕ ಬೊಮ್ಮಯ್ಯನ ಮನೆಗೆ ಹೋದಾಗ ಅವನು ಚಾಪೆ ಹಾಸಿದ. "ಕುಂದರ್ರಿ, ಅಧ್ಯಕ್ಷರ."

"ಆವತ್ತು ಯಾಕ ಸುಮ್ನಿದ್ದಿ ಬೊಮ್ಮಣ್ಣ?"

"ಸಭಿ ಮುಗಿಯೋದ್ರೊಳಗ ನೀವ ಎದ್ದು ಹೇಳ್ತೀರಿ ಅಂದ್ಕಂಡಿದ್ದೆ" ಎಂದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಜಂಬಕ್ಕನಿಗೆ ಆ ಚಾಪೆಯ ಮೇಲೆ ಕೂರಲಾಗಲಿಲ್ಲ.