ಮಾತಾಡಿಸಲು ಬಂದವರು

ಮೊದಲು ಕಂಡದ್ದು ನನ್ನ ಗಂಡನ ತೊಡೆಯ ಮೇಲೊಂದು ನೀಲಿ ಕಲೆ. ಎಮ್ಮೆ ಒದ್ದಿರಬೇಕು ಎಂದರು. ಆ ಬಡಪಾಯಿಯ ಮೇಲೆ ಯಾಕೆ ಹೊರಿಸುತ್ತೀರಿ ಎಂದು ನಾನು ರೇಗಿಸಿದೆ. ಆಮೇಲೆ ಒಸಡಿನಲ್ಲಿ ರಕ್ತ. ಬಿಡದ ಜ್ವರ. ಚಿಕ್ಕೋಡಿಯ ಡಾಕ್ಟರು ರಿಪೋರ್ಟ್ ನೋಡಿದವರೇ ಎದ್ದು ಹೋಗಿ ಬಾಗಿಲು ಹಾಕಿದರು. "ಮಿರಜದ ದೊಡ್ಡ ದವಾಖಾನಿಗೆ ಹೋಗ್ರಿ. ಇವತ್ತ ಹೋಗ್ರಿ."

ಬ್ಲಡ್ ಕ್ಯಾನ್ಸರ್.

ಮೊದಲ ಸುತ್ತಿನ ಕೀಮೋ ಮುಗಿಸಿ ನಮ್ಮೂರು ಸದಲಗಾಕ್ಕೆ ಮರಳುವಾಗ ಮಿರಜದ ಡಾಕ್ಟರು ನನಗೆ ಒಂದೇ ಮಾತು ಹೇಳಿದರು. "ಬಿಳಿ ರಕ್ತಕಣದ ಕೌಂಟ್ ಭಾಳ ಕಡಿಮಿ ಐತಿ. ಯಾರನ್ನೂ ಹತ್ತರ ಬಿಡಬ್ಯಾಡ್ರಿ. ಒಂದು ನೆಗಡೀನೂ ಇವರಿಗೆ ತಡಕೊಳ್ಳಾಕ ಆಗೂದಿಲ್ಲ."

ಹೇಳುವುದು ಸುಲಭ. ನಮ್ಮ ಕಡೆ ಒಬ್ಬರಿಗೆ ಜಡ್ಡಾದರೆ ಬಳಗವೆಲ್ಲ ಮಾತಾಡಿಸಲು ಬರಬೇಕು. ಬಾರದವರನ್ನು ಮುಂದಿನ ಮದುವೆಯಲ್ಲೂ ಎತ್ತಿ ಆಡುತ್ತಾರೆ. ನಾನೂ ಆಡಿದವಳೇ. ಅಂಥ ನಾನು ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕುಳಿತೆ, ಬಂದವರನ್ನೆಲ್ಲ ಕಟ್ಟೆಯಿಂದಲೇ ತಿರುಗಿಸಿದೆ.

ಕೊಗನೊಳ್ಳಿಯಿಂದ ಇವರ ಅಕ್ಕ ಪದ್ಮಕ್ಕ ಬಂದರು. ಟೆಂಪೊ ತುಂಬ ಮಂದಿ, ಡಬ್ಬಿ ತುಂಬ ಶೇಂಗಾ ಉಂಡಿ. ಅವರಲ್ಲೊಬ್ಬರು ಕೆಮ್ಮುತ್ತಿದ್ದರು.

"ಒಳಗ ಬ್ಯಾಡ್ರಿ ಅಕ್ಕಾರ."

"ನನ್ನ ತಮ್ಮನ ಮಾರಿ ನೋಡಾಕ ನಿನ್ನ ಪರ್ಮಿಶನ್ ಬೇಕೇನ?"

ನಾನು ಜಾಗ ಬಿಡಲಿಲ್ಲ. ಅವರು ನೀರು ಸಹ ಮುಟ್ಟದೆ ಹೊರಟುಹೋದರು.

ಆಮೇಲೆ ಯಾರೂ ಬರಲಿಲ್ಲ. ಫೋನು ಮಾತ್ರ ಬರುತ್ತಿತ್ತು. "ಹೆಂಗ ಅದಾರ?" "ಆರಾಮ ಅದಾರ್ರಿ." "ಊಟ ಮಾಡ್ತಾರ?" "ಮಾಡ್ತಾರ್ರಿ." ಕೇಳಿದ್ದು ತಪ್ಪಲ್ಲ. ಆದರೆ ಅವರು ಫೋನಿಟ್ಟ ಮೇಲೂ ನಾನು ನನ್ನದನ್ನು ಕೈಯಲ್ಲೇ ಹಿಡಿದಿರುತ್ತಿದ್ದೆ, ಮರೆತ ಒಂದು ಮಾತು ಕೇಳಲು ಯಾರಾದರೂ ತಿರುಗಿ ಮಾಡಿಯಾರು ಎಂದು. ನಾನು ಊರಿಗೆ ಹೆಸರಾದ ಮಾತಿನ ಮಲ್ಲಿ. ಎಲೆ ಅಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತರೆ ಸಂಜೆಯ ಹಾಲು ಹಿಂಡುವುದೂ ಮರೆಯುತ್ತಿತ್ತು. ಈಗ ಎಮ್ಮೆಯ ಹೊಟ್ಟೆಗೆ ಹಣೆ ಒತ್ತಿ ಹಾಲು ಹಿಂಡುತ್ತ ಅಳುತ್ತಿದ್ದೆ. ಒಳಗೆ ಅತ್ತರೆ ಇವರಿಗೆ ಕೇಳುತ್ತಿತ್ತು. ಇವರಾದರೂ ನಾಲ್ಕು ಮಾತಾಡಲಿ ಎಂದು ಜೀವ ಹಂಬಲಿಸುತ್ತಿತ್ತು. ಕೀಮೋದಿಂದ ಬಾಯಿ ತುಂಬ ಹುಣ್ಣಾದವರಿಂದ ಏನು ಕೇಳಲಿ?

ಕೊನೆಯ ಸುತ್ತಿನ ನಂತರ ಬೋನ್ ಮ್ಯಾರೋ ಪರೀಕ್ಷೆ ಆಯಿತು. "ಸದ್ಯ ಕ್ಯಾನ್ಸರ್ ಏನೂ ಕಾಣವಲ್ದು. ಆದ್ರ ಚೆಕಪ್ ತಪ್ಪಿಸಬ್ಯಾಡ್ರಿ," ಎಂದರು ಡಾಕ್ಟರು.

"ಮಂದಿ ಬಂದ್ರ ನಡೀತೈತೇನ್ರಿ?"

ನನ್ನ ಮೊದಲ ಪ್ರಶ್ನೆಗೆ ಅವರಿಗೆ ನಗು ಬಂತು. "ಜಡ್ಡಿಲ್ಲದವರು ಬರ್ಲಿ, ಮಾಸ್ಕ್ ಹಾಕ್ಕೊಂಡು."

ಮನೆಗೆ ಬಂದವಳೇ ಕುರ್ಚಿ ತೆಗೆದೆ, ಕಟ್ಟೆ ತೊಳೆದೆ. ಬಾಗಿಲು ತೆರೆದೇ ಇತ್ತು. ಯಾರ ಸುಳಿವೂ ಇಲ್ಲ. "ಅಕ್ಕಗ ನಾ ಫೋನ್ ಮಾಡ್ಲೇನ?" ಎಂದರು ಇವರು. ಬೇಡ ಎಂದೆ. ತಿರುಗಿಸಿ ಕಳಿಸಿದವಳು ನಾನು. ಇವರು ಕರೆದರೆ ಅವರು ತಮ್ಮನಿಗಾಗಿ ಬರುತ್ತಾರೆ, ನನ್ನ ಮೇಲಿನ ಸಿಟ್ಟು ಹಾಗೇ ಉಳಿಯುತ್ತದೆ. ನಾನೇ ನಂಬರು ಒತ್ತಿದೆ. ರಿಂಗಾಗುವ ಮೊದಲೇ ಕಟ್ ಮಾಡಿದೆ.

ಒಂದು ಮಧ್ಯಾಹ್ನ ಪದ್ಮಕ್ಕ ತಾವಾಗಿಯೇ ಬಂದರು, ಒಬ್ಬರೇ. ನಳದ ಹತ್ತಿರ ಸಾಬೂನು ಹಚ್ಚಿ ಕೈ ತೊಳೆದುಕೊಂಡರು. ಚೀಲದಿಂದ ಮಾಸ್ಕ್ ತೆಗೆದು ಕಟ್ಟಿಕೊಂಡರು. ನನಗೆ ನಾಚಿಕೆಯಾಯಿತು.

"ಒಳಗ ನಡೀರಿ ಅಕ್ಕಾರ. ಎಚ್ಚರ ಅದಾರ."

ಅವರು ಒಳಗೆ ಹೋಗಲಿಲ್ಲ. ಕಟ್ಟೆಯ ಮೇಲೆ ಕುಳಿತು, ಪಕ್ಕದ ಜಾಗ ತಟ್ಟಿ ನನ್ನನ್ನು ಕರೆದರು.

"ಅವನ್ನ ಆಮ್ಯಾಲೆ ನೋಡ್ತೇನಿ. ನಾ ನಿನ್ನ ಮಾತಾಡ್ಸಾಕ ಬಂದೇನಿ."

ನಾನು ಕುಳಿತು ಅವರ ಹೆಗಲಿಗೆ ಹಣೆ ಒತ್ತಿ ಅತ್ತುಬಿಟ್ಟೆ. ಅವರು ಅವಸರ ಮಾಡಲಿಲ್ಲ. ಸೆರಗಿನಿಂದ ನನ್ನ ಮುಖ ಒರೆಸಿ ಕೇಳಿದರು, "ಹೇಳ ಬೇ, ನಿನಗ ಹೆಂಗೈತಿ?"

"ಆರಾಮ ಇಲ್ರಿ ಅಕ್ಕಾರ," ಎಂದೆ.