ಗಟ್ಟಿಮೇಳದ ಮರೆಯಲ್ಲಿ ಊದಿದ ಕ್ಲಾರಿನೆಟ್

ಭಕ್ತ ಬಂಧುಗಳೇ, ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು ಎದ್ದುಹೋಗಿದ್ದೇನೆ. ಹುಂಚದ ಅಮ್ಮನ ಕೃಪೆಯನ್ನು ಹೇಳಹೊರಟರೆ ನನ್ನ ತಪ್ಪನ್ನೂ ಹೇಳಬೇಕಾಗುತ್ತದೆ ಎಂಬ ಅಂಜಿಕೆ. ಇನ್ನು ಮುಂದೂಡಲು ನನ್ನ ವಯಸ್ಸು ಬಿಡುತ್ತಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಸಾಗರದ ಒಂದು ಬ್ಯಾಂಡ್‌ಸೆಟ್ಟಿನಲ್ಲಿ ನಾನು ಕ್ಲಾರಿನೆಟ್ ಊದುತ್ತಿದ್ದೆ. ನಮ್ಮ ಡೋಲಿನವರು ನನಗಿಂತ ಹತ್ತು ವರ್ಷ ದೊಡ್ಡವರು. ತಾಳ ತಪ್ಪಿದಾಗ ಕಣ್ಣಲ್ಲೇ ತಿದ್ದುತ್ತಿದ್ದರು. ಅವರನ್ನು ಅಣ್ಣ ಎನ್ನುತ್ತಿದ್ದೆ. ಎಸ್ಸೆಸ್ಸೆಲ್ಸಿ ಓದಿದವನು ಜೀವನವಿಡೀ ಮದುವೆಮನೆಯ ಬಾಗಿಲಲ್ಲಿ ನಿಲ್ಲುವುದೇ ಎಂಬ ಅಹಂಕಾರ ಹುಟ್ಟಿ, ಬ್ಯಾಂಡ್ ಬಿಟ್ಟು, ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ ತೆರೆದೆ.

ತೀರ್ಥಹಳ್ಳಿ ಕಡೆಯ ಒಂದು ದೊಡ್ಡ ಮನೆಯ ಮದುವೆ. ಯಜಮಾನರು ನನ್ನ ಮೈಕನ್ನೂ ಹೇಳಿದ್ದರು, ನಮ್ಮ ಹಳೆಯ ಬ್ಯಾಂಡನ್ನೂ ಹೇಳಿದ್ದರು. ತಾಳಿ ಕಟ್ಟುವ ಹೊತ್ತಿಗೆ ಸೀನು, ಅಳು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳಬಾರದೆಂದು ಗಟ್ಟಿಮೇಳ ಬಾರಿಸುವುದು ನಿಮಗೆ ಗೊತ್ತೇ ಇದೆ. ಅದಕ್ಕೂ ರೆಕಾರ್ಡೇ ಸಾಕು, ಬ್ಯಾಂಡಿನವರು ಚಪ್ಪರದ ಹೊರಗಿರಲಿ ಎಂದು ನಾನೇ ಯಜಮಾನರಿಗೆ ಹೇಳಿದೆ. ಪುರೋಹಿತರು ಕೈ ಎತ್ತಿದರು. ರೆಕಾರ್ಡಿನ ಮೇಲೆ ಮುಳ್ಳು ಇಟ್ಟೆ. ಗ್ರಾಮಫೋನಿಗೆ ಕೀ ಕೊಡುವುದನ್ನೇ ಮರೆತಿದ್ದೆ. ರೆಕಾರ್ಡು ಒಮ್ಮೆ ನರಳಿ ನಿಂತಿತು. ಆ ಮೌನದಲ್ಲಿ ಯಾರೋ ಸೀನಲು ಮೂಗೆಳೆದರು. ಅಷ್ಟರಲ್ಲಿ ಹೊರಗಿನಿಂದ ಡೋಲು ಮೊಳಗಿತು. ಸೀನು ಅದರಲ್ಲಿ ಮುಳುಗಿಹೋಯಿತು. ಯಾರೂ ಹೇಳದೆ ಅಣ್ಣ ಮುಹೂರ್ತ ಉಳಿಸಿದ್ದರು.

ಆಮೇಲೆ ಯಜಮಾನರು ವಿಚಾರಿಸಿದಾಗ, ಬೇಡವೆಂದರೂ ಡೋಲು ಬಾರಿಸಿದರು, ಅದರ ಸದ್ದಿಗೆ ಅದುರಿ ಮುಳ್ಳು ಹಾರಿತು ಎಂದೆ. ಊಟಕ್ಕೆ ಕೂತಿದ್ದ ಬ್ಯಾಂಡಿನವರನ್ನು ಎಲೆಯ ಮುಂದಿನಿಂದ ಎಬ್ಬಿಸಿ ಕಳಿಸಿದರು. ಅಣ್ಣ ಎಲೆಯನ್ನು ತಾವೇ ಮಡಿಸಿ ಎದ್ದು ನನ್ನ ಕಡೆ ಒಮ್ಮೆ ನೋಡಿದರು. ನಾನು ವೈರು ಸುತ್ತುತ್ತಿದ್ದೆ.

ಎರಡು ವರ್ಷದಲ್ಲಿ ಅಂಗಡಿ ಸೋತಿತು. ಪೇಟೆಗೆ ಹೊಸ ಸೆಟ್ಟುಗಳು ಬಂದವು; ಸಿಡಿಲು ಬಡಿದು ನನ್ನ ಆಂಪ್ಲಿಫೈಯರ್ ಸುಟ್ಟಿತು. ಬಾಗಿಲು ಹಾಕಿದೆ. ಮತ್ತೆ ಬ್ಯಾಂಡನ್ನೇ ನಂಬಿ ಬದುಕುವುದೆಂದು ಕ್ಲಾರಿನೆಟ್ಟನ್ನು ಪೆಟ್ಟಿಗೆಯಿಂದ ತೆಗೆದ ವಾರದಲ್ಲೇ, ಒಂದು ಬೆಳಿಗ್ಗೆ ಕುಡಿದ ಕಾಫಿ ಎಡತುಟಿಯಿಂದ ಸೋರಿತು. ಮುಖದ ನರ ಸೋತಿದೆ, ತಿಂಗಳುಗಟ್ಟಲೆ ಹಿಡಿಯಬಹುದು, ಪೂರ್ತಿ ವಾಸಿಯಾಗದೆಯೂ ಇರಬಹುದು ಎಂದರು ಡಾಕ್ಟರು. ಊದಿದರೆ ಗಾಳಿಯೆಲ್ಲ ಎಡಗಡೆಯಿಂದ ಹೋಗುತ್ತಿತ್ತು. ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಬೇರೆ ಕೆಲಸ ನನಗೆ ಬಾರದು.

ಹುಂಚದ ಅಮ್ಮನಿಗೆ ತಪ್ಪುಕಾಣಿಕೆ ಹಾಕಿ ಬನ್ನಿ ಎಂದಳು ಹೆಂಡತಿ. ಯಾವ ತಪ್ಪೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕ್ಲಾರಿನೆಟ್ ಕಂಕುಳಲ್ಲಿಟ್ಟುಕೊಂಡು ಹೊಸನಗರದಲ್ಲಿ ಬಸ್ಸು ಬದಲಿಸಿ ಮೂರು ಶುಕ್ರವಾರ ಹೋದೆ. ಊದುವ ಬಾಯಿ ಮರಳಿ ಬರುವುದೇ ಎಂದು ಹೂಪ್ರಸಾದ ಕೇಳಿದೆ. ಎರಡು ಸಲ ಅಮ್ಮನ ಮುಡಿಯಿಂದ ಹೂ ಬೀಳಲೇ ಇಲ್ಲ. ಮೂರನೆಯ ಸಲ ಅಮ್ಮನ ಎಡಗಡೆಯಿಂದ ಬಿತ್ತು. ಬಲಗಡೆ ಬಿದ್ದರೆ ಒಪ್ಪಿಗೆ, ಎಡಗಡೆ ಬಿದ್ದರೆ ಇಲ್ಲ. ಎದ್ದು ಬಂದು ರಸ್ತೆಬದಿಯಲ್ಲಿ ಕೂತೆ.

ತೀರ್ಥಹಳ್ಳಿಯ ಬಸ್ಸು ಬಂದು ನಿಂತಿತು. ಟಾಪಿನ ಮೇಲೆ ನಮ್ಮ ಬ್ಯಾಂಡಿನ ಡೋಲು. ಕಿಟಕಿಯಿಂದ ಅಣ್ಣ ಇಣುಕಿದರು.

"ಎಂತ ಮಾಸ್ಟ್ರೆ, ಮುಖ ಹಂಗೆ ಮಾಡ್ಕಂಡು ಯಾರನ್ನ ಅಣಕಿಸ್ತಿದೀರಿ?"

ವಾಯು ಬಡಿದಿದೆ, ಗಾಳಿ ನಿಲ್ಲುವುದಿಲ್ಲ ಎಂದೆ.

"ಹತ್ತಿ ಬಸ್ಸು. ನಮ್ ಕ್ಲಾರಿನೆಟ್ಟಿನೋನು ಜ್ವರ ಬಂದು ಮಲಗಿದಾನೆ. ಗಟ್ಟಿಮೇಳದಾಗೆ ಊದಿ ಸಾಕು. ಸೀನು ಮುಚ್ಚೋ ಡೋಲಿಗೆ ನಿಮ್ ಅಪಸ್ವರ ಮುಚ್ಚಕ್ಕಾಗಲ್ವಾ?"

ಸೀನು ಎಂದಾಗ ತಲೆ ಎತ್ತಿ ನೋಡಿದೆ. ಅವರ ಮುಖದಲ್ಲಿ ಏನೂ ಇರಲಿಲ್ಲ. ನೆನಪಿಟ್ಟು ಆಡಿದರೋ, ಸುಮ್ಮನೆ ಬಂದ ಮಾತೋ, ಇವತ್ತಿಗೂ ತಿಳಿಯದು. ಹತ್ತಿದೆ.

ಜ್ವರದವನು ಎದ್ದು ಬಂದ ಮೇಲೂ ಅಣ್ಣ ನನ್ನನ್ನು ಬಿಡಲಿಲ್ಲ; ಆ ಬೇಸಿಗೆಯಿಡೀ ಹಾಗೆಯೇ ನಡೆಯಿತು. ಮೆರವಣಿಗೆಯಲ್ಲಿ ಬೆರಳಾಡಿಸುತ್ತ ಊದಿದಂತೆ ನಟಿಸುವುದು; ಗಟ್ಟಿಮೇಳ ಬಂದಾಗ ಬಾಯಿಯ ಬಲತುದಿಗೆ ಕಚ್ಚಿ ನಿಜವಾಗಿ ಊದುವುದು. ಒಡೆದ ಸ್ವರ, ಕೀರಲು, ಎಂಜಲ ಸದ್ದು ಎಲ್ಲವನ್ನೂ ಡೋಲು ನುಂಗಿಕೊಳ್ಳುತ್ತಿತ್ತು. ಮಳೆಗಾಲ ಹತ್ತಿರವಾದಾಗ, ಹೊಸನಗರದ ಒಂದು ಮದುವೆಯಲ್ಲಿ, ತಾಳಿ ಕಟ್ಟಿ ಮುಗಿದ ಕ್ಷಣ ಅಣ್ಣ ಕೈ ತಡೆದರು. ಕೇಳುತ್ತಿದ್ದುದು ನನ್ನ ಕ್ಲಾರಿನೆಟ್ ಒಂದೇ. ಸ್ವರ ಒಡೆದಿರಲಿಲ್ಲ. ಎಡತುಟಿ ಗಾಳಿ ಹಿಡಿದಿತ್ತು.

ಅಂದಿನಿಂದ ಹಲ್ಲು ಬೀಳುವವರೆಗೂ ಬ್ಯಾಂಡಿನಲ್ಲೇ ಊದಿ ಬದುಕಿದೆ. ಹೆಣ್ಣುಮಕ್ಕಳ ಮದುವೆಯೂ ಅದರಿಂದಲೇ ಆಯಿತು.

ಎಡಗಡೆ ಬಿದ್ದ ಹೂವಿನ ಅರ್ಥ ನನಗೆ ಇನ್ನೂ ಆಗಿಲ್ಲ. ಅಮ್ಮ ಇಲ್ಲವೆಂದಳೋ, ಕೇಳಬೇಕಾದವರನ್ನು ಹೋಗಿ ಕೇಳು ಎಂದಳೋ? ಇಲ್ಲವೆಂದವಳು ಆ ಬಸ್ಸನ್ನು ಯಾಕೆ ಕಳಿಸಿದಳು? ಅದು ಅವಳ ಕೃಪೆಯೋ, ಒಬ್ಬ ಮನುಷ್ಯನ ದೊಡ್ಡತನವೋ, ಬಿಡಿಸಿ ನೋಡಲು ನನಗೆ ಬರುವುದಿಲ್ಲ. ನಂಬಿಕೆ ಮಾತ್ರ ಆ ದಿನದಿಂದ ಅಲುಗಿಲ್ಲ. ವರ್ಷಕ್ಕೊಮ್ಮೆ ಹೋಗಿ ಅಮ್ಮನಿಗೆ ಕೈಮುಗಿದು ಬರುತ್ತೇನೆ. ಹೂ ಕೇಳುವುದಿಲ್ಲ.

ತಪ್ಪುಕಾಣಿಕೆಯನ್ನು ಅಮ್ಮನಿಗೆ ಹಾಕಿದೆ. ತಪ್ಪಾಯಿತು ಅಣ್ಣ ಎಂದು ಅವರಿಗೆ ಹೇಳಲಿಲ್ಲ. ವರ್ಷಗಟ್ಟಲೆ ಪಕ್ಕದಲ್ಲೇ ನಿಂತಿದ್ದರು. ಡೋಲಿನ ಸದ್ದಿನಲ್ಲಿ ಹೇಳಿದರೂ ಕೇಳಿಸದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಈಗ ಅವರಿಲ್ಲ. ಅಂದು ಎಲೆ ಮಡಿಸಿ ಎದ್ದವರ ಹೆಸರನ್ನು ಇಷ್ಟು ಬರೆದರೂ ಬರೆದಿಲ್ಲ, ನೋಡಿ. ಅವರು ಗುತ್ಯಪ್ಪ. ಡೋಲು ಗುತ್ಯಪ್ಪ.