ಅವ್ವ ಆರಿಸಿಕೊಂಡ ಜಾಳಿ

ಅವ್ವನ ಹೊಟ್ಟೆಯ ಹರ್ನಿಯಾಕ್ಕೆ ಮೊದಲು ಹಾಕಿದ್ದು ಪ್ಲಾಸ್ಟಿಕ್ಕಿನ ಜಾಳಿ, ಸಣ್ಣ ಬಲೆಯಂಥದ್ದು. ಸಡಿಲಾದ ಹೊಟ್ಟೆಯ ಗೋಡೆಗೆ ತೇಪೆ ಹಚ್ಚಿದ ಹಾಗೆ ಅದನ್ನು ಕೂಡಿಸುತ್ತಾರೆ. ವರ್ಷ ತುಂಬುವುದರೊಳಗೆ ಅಲ್ಲಿ ಕೀವು ಹಿಡಿಯಿತು. ಮನೋಳಿಯಿಂದ ಅವಳನ್ನು ಬೈಲಹೊಂಗಲದ ನನ್ನ ಮನೆಗೆ ಕರೆತಂದು ದವಾಖಾನೆಗೆ ತೋರಿಸಿದೆ. ಡಾಕ್ಟರು ನನ್ನನ್ನೂ ತಮ್ಮನನ್ನೂ ಹೊರಗೆ ಕರೆದು ನೇರವಾಗಿ ಹೇಳಿದರು. ಹಳೆಯದನ್ನು ತೆಗೆಯದಿದ್ದರೆ ನಂಜು ರಕ್ತಕ್ಕೆ ಏರುತ್ತದೆ, ಜೀವಕ್ಕೇ ಅಪಾಯ. ಕೀವಾದ ಜಾಗದಲ್ಲಿ ಮತ್ತೆ ಪ್ಲಾಸ್ಟಿಕ್ ಇಡಲು ಅವರಿಗೆ ಧೈರ್ಯವಿಲ್ಲ. ಪ್ರಾಣಿಯ ಚರ್ಮವನ್ನು ಶುದ್ಧ ಮಾಡಿ ತಯಾರಿಸಿದ ಜಾಳಿ ಬರುತ್ತದೆ. ದನದ್ದೂ ಇದೆ, ಹಂದಿಯದೂ ಇದೆ. ಅದರೊಳಗೆ ನಿಧಾನಕ್ಕೆ ರೋಗಿಯದೇ ಮಾಂಸ ಬೆಳೆಯುತ್ತದೆ.

ನಾವು ಲಿಂಗ ಕಟ್ಟಿಕೊಂಡ ಮನೆತನ. ಮೊಟ್ಟೆ ಬೇಯಿಸುವ ಮನೆಯಲ್ಲಿ ಅವ್ವ ಚಹಾ ಕೂಡ ಕುಡಿದವಳಲ್ಲ. ತಮ್ಮ ತಲೆಯ ಮೇಲೆ ಕೈ ಹೊತ್ತು ಕೂತ.

"ಹೇಳೂದ ಬ್ಯಾಡಕ್ಕಾ. ಪ್ಲಾಸ್ಟಿಕ್ಕಿಂದ ಅಂದಬಿಡೂಣು."

ನನಗೆ ಪಿತ್ತ ನೆತ್ತಿಗೇರಿತು. "ಹೊಟ್ಟಿ ಯಾರದೋ? ನಿಂದೇನು?" ಎಂದು ದವಾಖಾನೆಯ ಪಡಸಾಲೆಯಲ್ಲೇ ಒದರಿದೆ. ನರ್ಸು ತಿರುಗಿ ನೋಡಿದಳು. ನನ್ನ ಬಾಯಿ ಊರಿಗೆಲ್ಲ ಗೊತ್ತು. ಆದರೆ ಒಳಗೊಳಗೆ ನನಗೂ ಅಂಜಿಕೆಯಿತ್ತು. ಹೇಳಿದ ಮೇಲೆ ಅವ್ವ ಒಲ್ಲೆ ಅಂದರೆ? ಅವಳು ಒಮ್ಮೆ ಒಲ್ಲೆ ಅಂದರೆ ಮುಗಿಯಿತು, ಬ್ರಹ್ಮ ಬಂದರೂ ಬದಲಿಸಲಾರ.

ಕೊನೆಗೆ ಇಬ್ಬರೂ ಸೇರಿ ಒಂದು ನಡುವಿನ ದಾರಿ ಹುಡುಕಿದೆವು. ಹಂದಿಯ ಸುದ್ದಿಯನ್ನೇ ತೆಗೆಯಬಾರದು. ದನದ್ದು ಎಂದು ಹೇಳುವುದು, ದನದ್ದೇ ಹಾಕಿಸುವುದು. ನಾವು ಪೂಜೆ ಮಾಡುವ ಪ್ರಾಣಿ, ಅದರ ಸಗಣಿಯಿಂದಲೇ ಅಂಗಳ ಸಾರಿಸುತ್ತೇವೆ, ಅದಕ್ಕಾದರೆ ಅವ್ವ ಹೂಂ ಅಂದಾಳು. ನಮ್ಮ ಶಾಣ್ಯಾತನಕ್ಕೆ ನಾವೇ ಬೆನ್ನು ತಟ್ಟಿಕೊಂಡೆವು.

ಮರುದಿನ ಮುಂಜಾನೆ ಹಾಸಿಗೆಯ ಬದಿಗೆ ಕೂತು ಹೇಳಿದೆ. ಅವ್ವ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಎತ್ತಿನ ಚರ್ಮ ಏನು?"

"ಹೌದವ್ವಾ. ಭಾಳ ಸ್ವಚ್ಛ ಮಾಡಿರ್ತಾರ."

"ಒಲ್ಲೆ."

ತಮ್ಮ ನನ್ನನ್ನೇ ನುಂಗುವ ಹಾಗೆ ನೋಡಿದ.

"ಸತ್ತ ಎತ್ತಿನ ಚರ್ಮಾ ನಿಮ್ಮಪ್ಪ ಎಂದೂ ಯಾರಿಗೂ ಕೊಡಲಿಲ್ಲ," ಎಂದಳು ಅವ್ವ. "ಹೊಳಿದಂಡಿ ಹೊಲದಾಗ ಮಣ್ಣ ಕೊಟ್ವಿ. ಜೀವ ಇರೂತನಾ ನೊಗಾ ಹೊತ್ತೈತಿ. ಸತ್ತ ಮ್ಯಾಲೂ ನನ್ನ ಹೊಟ್ಟಿ ಹೊರಬೇಕೇನ ಅದು?"

ಹೇಗಿದ್ದರೂ ಕೆಟ್ಟಿತು ಎಂದುಕೊಂಡನೋ ಏನೋ, ತಮ್ಮ "ಇನ್ನೊಂದು ಐತಿ, ಆದ್ರ ಹಂದೀದು" ಎಂದುಬಿಟ್ಟ.

ಅವ್ವ ಕಣ್ಣು ತೆರೆದಳು. ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡಳು.

"ಜಲ್ಮಪೂರ್ತಿ ಕಲ್ಲ ಒಗದು ಓಡಸೇನಿ ಅದನ್ನ. ಬರ್ತೈತೇನ ಅದು ನನ್ನ ಕೂಡ?"

"ಕಡೀಕ ಎಲ್ಲಾ ನಿನ್ನ ಮಾಂಸಾನ ಆಗತೈತಿ ಅಂದಾರ ಡಾಕ್ಟರು," ಎಂದೆ.

"ಹಂಗಂದ್ರ ಹಾಕ್ರಿ. ನನಗ ಇನ್ನೂ ಬದಕಬೇಕ ಅನಸ್ತೈತಿ."

ನನಗೆ ಅಳು ತಡೆಯಲಾಗಲಿಲ್ಲ. ಅವಳ ಮಡಿಯ ಬಗ್ಗೆಯೇ ಅಷ್ಟು ಜಗಳಾಡಿದ ನಾವು, ಅವಳಿಗೆ ಬದುಕುವ ಆಸೆ ಎಷ್ಟಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಆಪರೇಷನ್ ಆಯಿತು. ಗಾಯ ತಡವಾಗಿಯಾದರೂ ಚೆನ್ನಾಗಿ ಮಾಯಿತು. ಮನೋಳಿಗೆ ಮರಳಿದ ದಿನ ತಮ್ಮ ಬಾಗಿಲಲ್ಲೇ "ಯಾರ ಮುಂದೂ ಬಾಯಿ ಬಿಡಬ್ಯಾಡವ್ವಾ" ಎಂದು ಬುದ್ಧಿ ಹೇಳಿದ. ಅವ್ವ ಕಿವಿಗೇ ಹಾಕಿಕೊಳ್ಳಲಿಲ್ಲ. ಜಳಕ ಮಾಡಿ ಪೂಜೆಗೆ ಕೂತಳು. ಹಣೆಗೆ, ತೋಳಿಗೆ ವಿಭೂತಿ ಹಚ್ಚಿಕೊಂಡಳು. ಆಮೇಲೆ ಸೆರಗು ಸರಿಸಿ, ಹೊಟ್ಟೆಯ ಗಾಯದ ಮೇಲೂ ಮೆಲ್ಲಗೆ ಮೂರು ಬೆರಳು ಎಳೆದಳು.

"ಅಲ್ಲ್ಯಾಕವ್ವಾ?" ಎಂದೆ.

"ಸತ್ತವರಿಗೆ ಮಣ್ಣ ಕೊಡೂ ಮುಂದ ವಿಭೂತಿ ಹಚ್ಚತಾರಲ್ಲಾ," ಎಂದಳು. "ಆ ಹಂದೀ ಬಡ ಜೀವಕ್ಕ ಹಚ್ಚಾಕ ನನ್ನ ಬಿಟ್ರ ಯಾರ ಅದಾರ?"